ಮುಚ್ಚಿಟ್ಟ ಬೈಕಿಗೂ ತುಕ್ಕು ಏಕೆ?

ಗಲ್ಫ್‌ಗೆ ಹೋಗುವಾಗ ಅಣ್ಣ ತಮ್ಮ ಬೈಕನ್ನು ಅಮಾನತ್ತಾಗಿ ನನಗೆ ಒಪ್ಪಿಸಿದ್ದಾರೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಗಡಿನ ಶೆಡ್ಡಿನೊಳಗಿಟ್ಟ ಬೈಕೂ ತುಕ್ಕು ಹಿಡಿಯುತ್ತದೆ.

ಕಬ್ಬಿಣಕ್ಕೆ ನೀರು, ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು ಬರುತ್ತದೆ. ಕಡಲ ಗಾಳಿಯ ಉಪ್ಪು ಅದನ್ನು ಚುರುಕುಗೊಳಿಸುತ್ತದೆ. ರಾತ್ರಿ ತಗಡು, ಲೋಹ ತಣ್ಣಗಾದಾಗ ಒಳಗಿನ ಗಾಳಿಯ ತೇವ ಹನಿಯಾಗಿ ಅವುಗಳ ಮೇಲೆ ಕೂರುತ್ತದೆ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ಆ ತೇವ ಹೊರಗೆ ಹೋಗುವುದೇ ಇಲ್ಲ.

ಹಾಗಾಗಿ ನಾನು ಬೈಕನ್ನು ಬಾವಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಚೈನಿಗೆ ಲ್ಯೂಬ್ ಹಚ್ಚಿದೆ. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆ ತಾಗಬಾರದು; ಬ್ರೇಕ್ ಹಿಡಿಯುವುದಿಲ್ಲ. ಮಣ್ಣಿನ ನೆಲದಿಂದ ತೇವ ಏಳುವುದರಿಂದ ಚಕ್ರದಡಿ ಹಲಗೆ ಇಟ್ಟೆ. ಹೊದಿಕೆಗೆ ಟಾರ್ಪಾಲಿನ ಬದಲು ಹಳೆಯ ಹತ್ತಿ ಬೆಡ್‌ಶೀಟು. ಬಿಸಿಲು ಬಂದ ದಿನ ಶೆಡ್ಡಿನ ಬಾಗಿಲು ತೆರೆದಿಡುತ್ತೇನೆ. ನಿಮ್ಮ ಮನೆಯ ಸೈಕಲ್ಲಿಗೂ ಇಷ್ಟು ಮಾಡಿ ನೋಡಿ.