ಕಪ್ಪು ಬಟ್ಟೆಗೆ ಯಾವ ದಾರ?



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದ ಒತ್ತಡ, ಮಧುಮೇಹ, ಕೊಲೆಸ್ಟರಾಲ್ ಎಂಬ ಮೂರರಲ್ಲಿ ಒಂದನ್ನು ಕುರಿತು ಮಾತನಾಡಿಸುವುದು ವಾಡಿಕೆ. ಈ ಸಲ ಕೂಟದ ಹೊಲಿಗೆಯ ಬಳಗದವರು ಮುಂದಿಟ್ಟ ವಿಷಯವೇ ಬೇರೆ: ಕಪ್ಪು, ಕಡುನೀಲಿ, ಕಡುಗೆಂಪು ಬಟ್ಟೆಯ ಕೌದಿಗೆ ಎಂಥ ದಾರವನ್ನು ಆರಿಸಬೇಕು? ಸೂಜಿ ದಾರಗಳು ನಮ್ಮ ವೃತ್ತಿಗೆ ಅಪರಿಚಿತವಲ್ಲ. ಅಲ್ಲದೆ ಈ ಪ್ರಶ್ನೆಯ ಅರ್ಧ ಭಾಗ ಬಟ್ಟೆಗೆ ಸೇರಿದ್ದಾದರೆ ಉಳಿದರ್ಧ ಕಣ್ಣಿಗೆ ಸೇರಿದ್ದು. ಮೊದಲರ್ಧವನ್ನು ದಾರದ ಅಂಗಡಿಯವರು ಹೇಳುತ್ತಾರೆ; ಎರಡನೆಯದನ್ನು ಹೇಳುವವರು ವಿರಳ. ಎರಡನ್ನೂ ಕೂಡಿಸಿ ಹೇಳಲು ಇಲ್ಲಿ ಯತ್ನಿಸಿದ್ದೇವೆ.

ನಮ್ಮ ಕೌದಿಯಾಗಲಿ ಈ ದೇಶದ ಕ್ವಿಲ್ಟ್ ಆಗಲಿ, ಮೂಲತಃ ಪದರಗಳನ್ನು ಒಟ್ಟಿಗೆ ಹಿಡಿದಿಡುವ ಹೊಲಿಗೆ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಹಾಸು ಅಥವಾ ಹಳೆಯ ಬಟ್ಟೆಯ ಪದರ. ಹೊಲಿಗೆ ಬಿದ್ದಲ್ಲಿ ತಗ್ಗು, ಬೀಳದಲ್ಲಿ ಉಬ್ಬು. ತಿಳಿ ಬಣ್ಣದ ಬಟ್ಟೆಯಾದರೆ ಆ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ. ದಾರ ಕಾಣದಿದ್ದರೂ ಚಿತ್ತಾರ ಕಾಣುತ್ತದೆ. ಕಪ್ಪು ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹೀರಿಕೊಳ್ಳುವುದರಿಂದ ನೆರಳಿಗೂ ಬಟ್ಟೆಗೂ ಅಂತರವೇ ಉಳಿಯುವುದಿಲ್ಲ. ತಿಂಗಳುಗಟ್ಟಲೆ ಕುಳಿತು ಹೊಲಿದ ಬಳ್ಳಿ, ಹೂವುಗಳು ನಾಲ್ಕು ಹೆಜ್ಜೆ ದೂರದಿಂದ ಮಾಯವಾಗುತ್ತವೆ. ಬಿಳಿಯ ಮೇಲೆ ನೆರಳು ಮಾಡುವ ಕೆಲಸವನ್ನು ಕಪ್ಪಿನ ಮೇಲೆ ದಾರವೇ ಮಾಡಬೇಕು. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ತೀರ್ಮಾನಿಸಬೇಕಾದ ಪ್ರಶ್ನೆ ಒಂದೇ: ದಾರ ಕಾಣಬೇಕೋ, ಅಡಗಬೇಕೋ?

ಈ ಪ್ರಶ್ನೆಗೆ ಬೇರೆ ಬೇರೆ ನಾಡಿನವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಆಮಿಶ್ ಸ್ತ್ರೀಯರು ಗಾಢ ಬಣ್ಣದ ಸಾದಾ ಉಣ್ಣೆಯ ಬಟ್ಟೆಯನ್ನು ದೊಡ್ಡ ಚೌಕಗಳಾಗಿ ಜೋಡಿಸಿ, ಗಾಢ ಬಣ್ಣದ ದಾರದಿಂದಲೇ ಅತಿ ಸೂಕ್ಷ್ಮವಾಗಿ ಹೊಲಿಯುತ್ತಿದ್ದರು. ದೂರದಿಂದ ಬಣ್ಣದ ಚೌಕಗಳಷ್ಟೇ ಕಾಣುತ್ತವೆ. ಹತ್ತಿರ ಹೋದವರಿಗೆ ಮಾತ್ರ ಗರಿ, ಹೂಮಾಲೆಗಳ ಹೊಲಿಗೆ ಗೋಚರಿಸುತ್ತದೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯವು ಅಮೆರಿಕದ ಕ್ವಿಲ್ಟುಗಳನ್ನು ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿದಾಗ, ಕಲಾರಸಿಕರು ಬೆರಗಿನಿಂದ ನೋಡಿದವುಗಳಲ್ಲಿ ಆಮಿಶರ ಕೈಕೆಲಸವೂ ಇತ್ತು. ಜಪಾನಿನ ಉತ್ತರ ಭಾಗದ ರೈತ ಹೆಂಗಸರ ಉತ್ತರ ಇದಕ್ಕೆ ತದ್ವಿರುದ್ಧ. ನೀಲಿಯಲ್ಲಿ ಅದ್ದಿದ ಒರಟು ಬಟ್ಟೆಯ ಪದರಗಳ ಮೇಲೆ ಬಿಳಿಯ ಹತ್ತಿದಾರವನ್ನು ಎದ್ದು ಕಾಣುವಂತೆ ಓಡಿಸಿದರು. ಸಾಶಿಕೋ ಎಂಬ ಆ ಹೊಲಿಗೆ ಚಳಿಗೂ ಸವೆತಕ್ಕೂ ಮದ್ದಾಗಿ ಹುಟ್ಟಿ, ಕೊನೆಗೆ ಅಲಂಕಾರವಾಗಿ ನಿಂತಿತು.

ನಮ್ಮ ನಾಡಿನ ಒಲವು ಕಾಣುವ ದಾರದ ಕಡೆಗೇ. ಧಾರವಾಡದ ಸೀಮೆಯಲ್ಲಿ ಕಸೂತಿಗೆ ಹೆಸರಾದ ಚಂದ್ರಕಾಳಿ ಸೀರೆ ಕಪ್ಪು. ಅದರ ಮೇಲಿನ ಗೋಪುರ, ತೇರು, ಆನೆಗಳು ಬಿಳಿ, ಕೆಂಪು, ಕಿತ್ತಳೆ, ಹಸಿರು ಎಳೆಗಳಲ್ಲಿ ಮೂಡುತ್ತವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುವಂತೆ ದಪ್ಪ ದಾರದಲ್ಲಿ ಹೊಲಿಯುತ್ತಾರೆ. ತುಂಡಿನ ಬಣ್ಣ ಯಾವುದೇ ಇರಲಿ, ದಾರ ಅದರ ಮೇಲೆ ಹಾದುಹೋದದ್ದು ಕಾಣುತ್ತದೆ. ಮೂಲೆಗಳಲ್ಲಿ ಮಡಿಸಿಟ್ಟ ‘ಫೂಲ’ ಎಂಬ ಪುಟ್ಟ ಚೌಕಗಳಿಲ್ಲದೆ ಆ ಕೌದಿ ಪೂರ್ಣವಾಗುವುದಿಲ್ಲ. ಇಲ್ಲಿ ಹೊಲಿಗೆಯನ್ನು ಮರೆಮಾಡಬೇಕೆಂಬ ಸಂಕೋಚವೇ ಇಲ್ಲ.

ದಾರ ಅಡಗಬೇಕೆಂದು ನಿಶ್ಚಯಿಸಿದವರು ಒಂದು ಸಂಗತಿಯನ್ನು ನೆನಪಿಡಬೇಕು. ರೀಲಿನಲ್ಲಿ ಒತ್ತಾಗಿ ಸುತ್ತಿದ ದಾರ ಕಡುವಾಗಿ ಕಾಣುತ್ತದೆ; ಅದರಿಂದ ಬಿಚ್ಚಿದ ಒಂಟಿ ಎಳೆ ತಿಳಿಯಾಗಿ ಕಾಣುತ್ತದೆ. ಆದ್ದರಿಂದ ಒಂದು ಗೇಣು ದಾರವನ್ನು ಬಿಚ್ಚಿ ಬಟ್ಟೆಯ ಮೇಲೆ ಹರಡಿ ನೋಡಬೇಕು. ಎರಡು ಛಾಯೆಗಳ ನಡುವೆ ಮನಸ್ಸು ತೂಗಾಡಿದರೆ ಹೆಚ್ಚು ಕಡುವಾದುದನ್ನೇ ಆರಿಸುವುದು ಲೇಸು. ಪರೀಕ್ಷೆ ಹಗಲಿನ ಬೆಳಕಿನಲ್ಲಿ ನಡೆಯಬೇಕು. ಅಂಗಡಿಯ ದೀಪದಡಿಯಲ್ಲಿ ಒಂದೇ ಎನಿಸಿದ ಎರಡು ಕಪ್ಪುಗಳಲ್ಲಿ ಒಂದು ಬಿಸಿಲಿನಲ್ಲಿ ಕಂದಾಗಿಯೂ ಇನ್ನೊಂದು ನೀಲಿಯಾಗಿಯೂ ತೋರುವುದುಂಟು. ಬಣ್ಣ ಬೇರೆ ಬೇರೆಯಾದುದೇ ಇದಕ್ಕೆ ಕಾರಣ. ಕಪ್ಪಿನ ಪಕ್ಕದಲ್ಲಿ ಬೂದು, ಹಸಿರು, ಕೆನ್ನೀಲಿ ತುಂಡುಗಳೂ ಇದ್ದರೆ ಎಲ್ಲಕ್ಕೂ ಹೊಂದುವ ಕಡು ಬೂದು ದಾರ ಒಳ್ಳೆಯ ರಾಜಿ. ಮೀನುಗಾರರ ತಂತಿಯಂಥ ಪಾರದರ್ಶಕ ದಾರದಲ್ಲೂ ಎರಡು ಬಗೆಯುಂಟು. ತಿಳಿ ಬಟ್ಟೆಗೆ ಬಣ್ಣವಿಲ್ಲದ್ದು, ಕಡು ಬಟ್ಟೆಗೆ ಹೊಗೆಬಣ್ಣದ್ದು. ಅದು ನೈಲಾನಿನದಾದರೆ ಇಸ್ತ್ರಿಯ ಕಾವಿಗೆ ಕರಗಬಹುದು.

ದಾರ ಕಾಣಬೇಕೆಂದವರು ಒಮ್ಮೆಲೇ ಹಾಲುಬಿಳಿಯನ್ನು ಹಿಡಿಯಬೇಕಾಗಿಲ್ಲ. ಕಪ್ಪಿನ ಮೇಲೆ ಅಚ್ಚ ಬಿಳಿ ಅತ್ಯಂತ ಕಠೋರವಾದ ಜೋಡಿ. ಹೊಲಿಗೆ ಒಂದು ಎಳ್ಳಿನಷ್ಟು ಉದ್ದಗಿಡ್ಡವಾದರೂ ಅದು ಸಾರಿ ಹೇಳುತ್ತದೆ. ಕೆನೆಬಣ್ಣ, ಬೆಳ್ಳಿಬೂದು, ಜೇನುಬಣ್ಣ, ಅಥವಾ ಬಟ್ಟೆಯದೇ ಬಣ್ಣದ ಎರಡು ಮೂರು ಛಾಯೆ ತಿಳಿಯಾದ ದಾರ ಕಣ್ಣಿಗೆ ಹಿತ. ಹೊಳಪುಳ್ಳ ದಾರ ಅದೇ ಬಣ್ಣದ್ದಾದರೂ ಬೆಳಕನ್ನು ಹಿಂದೆ ಕಳಿಸುವುದರಿಂದ ಕಡು ಬಟ್ಟೆಯ ಮೇಲೆ ಎದ್ದು ಕಾಣುತ್ತದೆ. ಬಟ್ಟೆಯಲ್ಲಿಯೇ ಹೂವಿನ ಅಚ್ಚು ದಟ್ಟವಾಗಿದ್ದರೆ ಮಾತ್ರ ಎಂಥ ದಾರವೂ ಅದರಲ್ಲಿ ಕಳೆದುಹೋಗುತ್ತದೆ. ಅಲ್ಲಿ ಬೆಲೆಬಾಳುವ ದಾರಕ್ಕೆ ಹಣ ಸುರಿಯುವುದು ವ್ಯರ್ಥ.

ಇನ್ನು ದಪ್ಪದ ಮಾತು. ದಾರದ ಸಂಖ್ಯೆ ಹೆಚ್ಚಿದಷ್ಟೂ ಎಳೆ ತೆಳುವಾಗುತ್ತದೆ. 40 ಎಂದರೆ ಆ ದಾರದ 40 ಕಿಲೋಮೀಟರ್ ಉದ್ದ ಒಂದು ಕಿಲೋಗ್ರಾಂ ತೂಗುತ್ತದೆ ಎಂದರ್ಥ. 50ರ ದಾರ ಅಡಗುವುದಕ್ಕೆ, 40 ನಡುಮಾರ್ಗಕ್ಕೆ, 28 ಅಥವಾ 12 ಎದ್ದು ಕಾಣುವುದಕ್ಕೆ. ಕೈಹೊಲಿಗೆಯಲ್ಲಿ ಕೌದಿಯಂತೆ ದೊಡ್ಡ ಸಾಲು ಬೇಕಾದವರಿಗೆ 8ನೆಯ ಸಂಖ್ಯೆಯ ಪರ್ಲ್ ಹತ್ತಿದಾರ ಒಗ್ಗುತ್ತದೆ. ಯಂತ್ರದಲ್ಲಿ ಹೊಲಿಯುವವರು ಬಾಬಿನ್ನಿಗೂ ಮೇಲಿನ ದಾರದ ಬಣ್ಣವನ್ನೇ ಹಾಕಬೇಕು. ಮೇಲೆ ಕಪ್ಪು ಕೆಳಗೆ ಬಿಳಿ ಇದ್ದರೆ, ಬಿಗಿ ಸ್ವಲ್ಪ ತಪ್ಪಿದರೂ ಕಪ್ಪಿನ ಮೇಲೆ ಬಿಳಿಯ ಚುಕ್ಕೆಗಳು ಇಣುಕುತ್ತವೆ. ನಡುವಿನ ಹಾಸನ್ನೂ ಮರೆಯುವಂತಿಲ್ಲ. ಬಿಳಿಯ ಹಾಸಿನ ನವಿರಾದ ಎಳೆಗಳು ಕಾಲಾನುಕ್ರಮದಲ್ಲಿ ಬಟ್ಟೆಯ ನೇಯ್ಗೆಯನ್ನು ತೂರಿ ಹೊರಬಂದು ಕಪ್ಪಿನ ಮೇಲೆ ನರೆಗೂದಲಿನಂತೆ ಕಾಣುತ್ತವೆ. ಇದಕ್ಕೆಂದೇ ಕಪ್ಪು ಅಥವಾ ಬೂದು ಬಣ್ಣದ ಹಾಸು ದೊರೆಯುತ್ತದೆ. ಕಡು ಬಟ್ಟೆ ಬಣ್ಣ ಬಿಡುವುದೂ ಉಂಟು. ಒದ್ದೆ ಮಾಡಿದ ಬಿಳಿಯ ಚಿಂದಿಯಿಂದ ಒಂದು ಮೂಲೆಯನ್ನು ಉಜ್ಜಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಮೊದಲು ಒಗೆದು, ಅನಂತರವೇ ತಿಳಿ ದಾರವನ್ನು ಮುಟ್ಟಬೇಕು.

ಇಷ್ಟು ಬಟ್ಟೆಯ ಪಾಲಿನ ಉತ್ತರ. ಈಗ ಕಣ್ಣಿನ ಪಾಲಿಗೆ ಬರೋಣ.

ನಲವತ್ತು ದಾಟುತ್ತಿದ್ದಂತೆ ಕಣ್ಣಿನ ಮಸೂರದ ಮೆದುತನ ತಗ್ಗಿ ಹತ್ತಿರದ ನೋಟ ಮಸುಕಾಗುತ್ತದೆ. ಚಾಳೀಸು ಎಂಬ ಮಾತೇ ಮರಾಠಿಯ ನಲವತ್ತರಿಂದ ಬಂದದ್ದು. ಕನ್ನಡಕ ಅದನ್ನು ಸರಿಪಡಿಸುತ್ತದೆ. ಕನ್ನಡಕ ಸರಿಪಡಿಸಲಾಗದ ಇನ್ನೆರಡು ಬದಲಾವಣೆಗಳುಂಟು. ಪಾಪೆ ವಯಸ್ಸಿನೊಂದಿಗೆ ಕಿರಿದಾಗುತ್ತದೆ; ಮಸೂರ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಇವೆರಡರ ಫಲವಾಗಿ ಅದೇ ದೀಪದಡಿಯಲ್ಲಿ ಕುಳಿತ ಅರವತ್ತರ ಅಜ್ಜಿಯ ಅಕ್ಷಿಪಟಲಕ್ಕೆ, ಇಪ್ಪತ್ತರ ಮೊಮ್ಮಗಳಿಗೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ತಲುಪುತ್ತದೆ. ಹಳದಿ ಮಸೂರ ನೀಲಿ ಬೆಳಕನ್ನು ಮೊದಲು ತಡೆಯುವುದರಿಂದ ಕಡುನೀಲಿಗೂ ಕಪ್ಪಿಗೂ ಭೇದ ಅಳಿಸಿಹೋಗುತ್ತದೆ. ಹಿರಿಯರು ನೀಲಿ ಬಟ್ಟೆಗೆ ಕಪ್ಪು ದಾರ ಹಾಕಿದರೆ ಅದು ಮರೆವಲ್ಲ, ಮಸೂರದ ಕೆಲಸ.

ಕಣ್ಣಿನ ಸಾಮಾನ್ಯ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳದೆಯೂ ಇರಬಹುದು. ಗೋಡೆಯ ಫಲಕದಲ್ಲಿರುವುದು ಬಿಳಿಯ ಮೇಲಿನ ಅಚ್ಚ ಕಪ್ಪು ಅಕ್ಷರ. ಅದನ್ನು ಕೊನೆಯ ಸಾಲಿನವರೆಗೆ ಓದಿದವರಿಗೂ ಕಪ್ಪಿನ ಮೇಲಿನ ಕಪ್ಪು ದಾರ ಕಾಣದಿರಬಹುದು. ಅಕ್ಷರದ ಗಾತ್ರವನ್ನು ಬದಲಿಸದೆ ಅದರ ಕಪ್ಪನ್ನು ಮಾತ್ರ ಹಂತಹಂತವಾಗಿ ಮಸುಕಾಗಿಸುವ ಪೆಲ್ಲಿ-ರಾಬ್ಸನ್ ಫಲಕ 1988ರಲ್ಲಿ ಬಂದದ್ದು ಈ ಕೊರತೆಯನ್ನು ಅಳೆಯಲೆಂದೇ. ಶಸ್ತ್ರವೈದ್ಯರಿಗೂ ಈ ಪಾಠ ಪರಿಚಿತ. ಕಪ್ಪು ಕೂದಲಿನ ನೆತ್ತಿಯಲ್ಲಿ ಕಪ್ಪು ದಾರದ ಹೊಲಿಗೆ ಹಾಕಿದರೆ ತೆಗೆಯುವಾಗ ಹುಡುಕಾಟವೇ ಆಗುತ್ತದೆಯೆಂದು ಅಲ್ಲಿ ನೀಲಿ ದಾರವನ್ನು ಬಳಸುವುದು ರೂಢಿ.

ಹಾಗಾದರೆ ಪರಿಹಾರವೇನು? ಬೆಳಕನ್ನು ಹೆಚ್ಚಿಸುವುದು ಮೊದಲನೆಯದು. ದೀಪ ನೆತ್ತಿಯ ಮೇಲಿರುವುದಕ್ಕಿಂತ ಪಕ್ಕದಲ್ಲಿ, ಹೊಲಿಯುವ ಕೈಗೆ ಎದುರಾದ ಬದಿಯಲ್ಲಿ ತಗ್ಗಾಗಿದ್ದರೆ ಹೊಲಿಗೆಯ ಉಬ್ಬುತಗ್ಗು ಕಾಣುತ್ತದೆ, ಕೈಯ ನೆರಳೂ ಬೀಳದು. ಕಪ್ಪು ದಾರವನ್ನು ಪೋಣಿಸುವಾಗ ಸೂಜಿಯ ಕಣ್ಣಿನ ಹಿಂದೆ ಬಿಳಿಯ ಕಾಗದ, ಬಿಳಿ ದಾರಕ್ಕೆ ಕಪ್ಪು ಬಟ್ಟೆ. ಕಸೂತಿಯವರಂತೆ ಎಳೆ ಎಣಿಸಬೇಕಾದರೆ ತೊಡೆಯ ಮೇಲೆ ಬಿಳಿಯ ಪಂಚೆಯನ್ನು ಹಾಸಿಕೊಂಡರೆ ಕಪ್ಪು ಬಟ್ಟೆಯ ರಂಧ್ರಗಳು ಬೆಳ್ಳಗೆ ತೋರುತ್ತವೆ. ಗೆರೆ ಎಳೆಯಲು ಬಿಳಿಯ ಸೀಮೆಸುಣ್ಣದ ಪೆನ್ಸಿಲ್, ಇಲ್ಲವೇ ಸವೆದ ಸಾಬೂನಿನ ಚೂರು ಸಾಕು.

ಇವೆಲ್ಲಕ್ಕಿಂತ ಮಿಗಿಲಾದುದು ದಾರದ ಆಯ್ಕೆ. ಊರಿನಿಂದ ಆರು ತಿಂಗಳಿಗೆ ಬಂದ ತಾಯಂದಿರು, ಅತ್ತೆಯಂದಿರು ನಮ್ಮ ಮನೆಗಳಲ್ಲಿ ಹಗಲೆಲ್ಲ ಒಬ್ಬರೇ ಇರುತ್ತಾರೆ. ಸೂಜಿ ಹಿಡಿದ ಕೈಗೆ ಹೊತ್ತು ಹೋಗುತ್ತದೆ, ಮನಸ್ಸಿಗೆ ಆಸರೆಯಾಗುತ್ತದೆ. ಅಂಥವರ ಕೈಗೆ ಕಪ್ಪು ಬಟ್ಟೆಯನ್ನೂ ಕಪ್ಪು ದಾರವನ್ನೂ ಕೊಟ್ಟರೆ ನಾಲ್ಕು ದಿನದಲ್ಲಿ, ‘ಇನ್ನು ನನ್ನಿಂದಾಗದು, ವಯಸ್ಸಾಯಿತು’ ಎಂದು ಸುತ್ತಿ ಎತ್ತಿಡುತ್ತಾರೆ. ಅದೇ ಬಟ್ಟೆಗೆ ಕೆನೆಬಣ್ಣದ ದಪ್ಪ ದಾರವನ್ನು ಕೊಟ್ಟು ನೋಡಿ. ಅವರು ಬಾಲ್ಯದಿಂದ ಬಲ್ಲ ಕೌದಿಯ ಹೊಲಿಗೆ ತಾನಾಗಿಯೇ ಮರಳುತ್ತದೆ. ಕಡು ಬಟ್ಟೆಯ ಮೇಲೆ ಕಾಣುವ ದಾರ ಅಂದಕ್ಕಷ್ಟೇ ಸೇರಿದ್ದಲ್ಲ. ಹಿರಿಯರ ಕೈಯಲ್ಲಿ ಕೆಲಸ ಉಳಿಯುವುದಕ್ಕೂ ಅದೇ ಆಧಾರ.

ವೈದ್ಯರಾಗಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಾಣದಿರುವುದೆಲ್ಲ ದಾರದ ದೋಷವಲ್ಲ. ದೀಪದ ಸುತ್ತ ಪ್ರಭೆ ಕಂಡರೆ, ಬೆಳಕು ಹೆಚ್ಚಿಸಿದಷ್ಟೂ ಕಣ್ಣು ಕುಕ್ಕಿದರೆ, ಬಣ್ಣಗಳೆಲ್ಲ ಮಾಸಿದಂತಾದರೆ ಅದು ಪೊರೆಯಾಗಿರಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯುಂಟು. ಒಂದೊಂದೇ ಕಣ್ಣನ್ನು ಮುಚ್ಚಿ ಹೊಲಿಗೆಯ ಸಾಲನ್ನು ನೋಡುವ ಅಭ್ಯಾಸವಿರಲಿ. ನೇರವಾಗಿ ಹೊಲಿದ ಸಾಲು ಒಂದು ಕಣ್ಣಿಗೆ ಬಾಗಿದಂತೆ, ಅಥವಾ ನಡುವೆ ಅಳಿಸಿದಂತೆ ಕಂಡರೆ ಅಕ್ಷಿಪಟಲದ ತೊಂದರೆಯಿರಬಹುದು. ಆಗ ಹೊಸ ಕನ್ನಡಕಕ್ಕಾಗಿ ಕಾಯದೆ ಕೂಡಲೇ ನೇತ್ರವೈದ್ಯರನ್ನು ಕಾಣಬೇಕು. ಹಠಾತ್ತನೆ ಮಿಂಚು ಹೊಳೆದು, ಕಣ್ಣಿಗೆ ತೆರೆ ಎಳೆದಂತಾದರೆ ಅದೇ ದಿನ ಹೋಗಬೇಕು.

ಒಟ್ಟಿನಲ್ಲಿ, ಮೊದಲು ದಾರ ಕಾಣಬೇಕೋ ಅಡಗಬೇಕೋ ಎಂಬುದನ್ನು ನಿಶ್ಚಯಿಸಿ. ಒಂಟಿ ಎಳೆಯನ್ನು ಬಟ್ಟೆಯ ಮೇಲಿಟ್ಟು ಹಗಲಿನಲ್ಲಿ ನೋಡಿ. ಬಾಬಿನ್, ಹಾಸು, ಬಣ್ಣ ಬಿಡುವಿಕೆ, ಈ ಮೂರನ್ನೂ ಪರೀಕ್ಷಿಸಿ. ಕೊನೆಯದಾಗಿ, ಹೊಲಿಯುವವರು ಯಾರೆಂದು ಕೇಳಿಕೊಳ್ಳಿ. ಅರವತ್ತು ದಾಟಿದವರಾದರೆ ಅವರ ಕಣ್ಣಿಗೆ ಕಾಣುವ ದಾರವೇ ಆ ಬಟ್ಟೆಗೆ ಒಪ್ಪುವ ದಾರ.