ಮುಷ್ಟಿಗಾತ್ರದ ಕಲ್ಲಿನಿಂದ ಬೆಟ್ಟ ಎಬ್ಬಿಸುವವರು

ಭೂವಿಜ್ಞಾನಿಗಳು ಬಂಡೆಯ ಫೋಟೊ ತೆಗೆಯುವಾಗ ಪಕ್ಕದಲ್ಲೊಂದು ಸುತ್ತಿಗೆಯನ್ನೋ ನಾಣ್ಯವನ್ನೋ ಇಡುತ್ತಾರೆ. ಇಡದಿದ್ದರೆ ಚಿತ್ರದಲ್ಲಿರುವುದು ಗೇಣುದ್ದದ ಕಲ್ಲೋ ನೂರಡಿ ಆಳದ ಕಮರಿಯೋ ಹೇಳುವುದು ಕಷ್ಟ. ಮರಕ್ಕೆ ಎಲೆಯಿದೆ, ಮನೆಗೆ ಬಾಗಿಲಿದೆ. ನೋಡಿದೊಡನೆ ಗಾತ್ರ ತಿಳಿಯುತ್ತದೆ. ಬಂಡೆಗೆ ಅಂಥ ಗುರುತಿಲ್ಲ. ದೊಡ್ಡ ಬಿರುಕಿನೊಳಗೆ ಅದೇ ಚಹರೆಯ ಸಣ್ಣ ಬಿರುಕು, ಅದರೊಳಗೆ ಇನ್ನೂ ಸಣ್ಣದು. ಮಾದರಿ ರೈಲುಮಾರ್ಗ ಕಟ್ಟುವವರ ಬೆಟ್ಟಗಳೆಲ್ಲ ನಿಂತಿರುವುದು ಕಲ್ಲಿನ ಈ ಒಂದು ಗುಣದ ಮೇಲೆ.

ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ, ಅಂದರೆ ನಿಜದ 87ನೇ ಒಂದು ಪಾಲು. ಆರಡಿ ಮನುಷ್ಯ 21 ಮಿಲಿಮೀಟರಿಗೆ ಇಳಿಯುತ್ತಾನೆ. ಎಂಜಿನ್, ಬೋಗಿ, ಹಳಿ ಅಂಗಡಿಯಲ್ಲಿ ಸಿಗುತ್ತವೆ. ಬೆಟ್ಟವನ್ನು ಮಾತ್ರ ಕೈಯಾರೆ ಕಟ್ಟಬೇಕು.

ಕೆಲಸ ಶುರುವಾಗುವುದು ಕಲ್ಲು ಹುಡುಕುವುದರಿಂದ. ಒಳ್ಳೆಯ ಬಿರುಕುಗಳಿರುವ ಮುಷ್ಟಿಗಾತ್ರದ ಕಲ್ಲನ್ನು ತೊಳೆದು, ಅದರ ಮೇಲೆ ಲೇಟೆಕ್ಸ್ ಎಂಬ ದ್ರವ ರಬ್ಬರನ್ನು ಬಳಿಯುತ್ತಾರೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ನಡುವೆ ಹರಿಯದಂತೆ ತೆಳು ಜಾಳಿಗೆ ಬಟ್ಟೆ. ಕೊನೆಗೆ ಸುಲಿದು ತೆಗೆದರೆ ಕಲ್ಲಿನ ಒಂದೊಂದು ಗೆರೆಯೂ ರಬ್ಬರಿನಲ್ಲಿ ಪಡಿಮೂಡಿರುತ್ತದೆ. ಅಚ್ಚು ಸಿದ್ಧ.

ಬೆಟ್ಟದ ಒಡಲು ಟೊಳ್ಳು. ರಟ್ಟಿನ ಪಟ್ಟಿ ಹೆಣೆದೋ ಹಳೆಯ ಪೇಪರಿನ ಉಂಡೆ ಪೇರಿಸಿಯೋ ಆಕಾರ ಕೊಟ್ಟು, ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಕಾಗದದ ಟವೆಲ್ ತುಂಡುಗಳನ್ನು ಹೊದಿಸುತ್ತಾರೆ. ಹಾರ್ಡ್‌ಶೆಲ್ ಎಂಬ ಈ ವಿಧಾನವನ್ನು ಹವ್ಯಾಸಿಗಳ ನಡುವೆ ಹಬ್ಬಿಸಿದವರು ಅಮೆರಿಕದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಜಿಪ್ಸಂ ಕಲ್ಲನ್ನು ಕಾಯಿಸಿ ಅದರೊಳಗಿನ ನೀರನ್ನು ಬಹುಪಾಲು ಕಳೆದರೆ ಪ್ಲಾಸ್ಟರ್ ಪುಡಿ. ಅದು ಮತ್ತೆ ನೀರು ಕುಡಿದು ಹರಳುಗಟ್ಟುವಾಗ ಬಿಸಿಯಾಗುತ್ತದೆ. ಅಚ್ಚಿನೊಳಗೆ ಸುರಿದ ಪ್ಲಾಸ್ಟರ್ ಮೊಸರಿನಂತೆ ಹೆಪ್ಪುಗಟ್ಟಿ, ಇನ್ನೂ ಬಾಗುವಂತಿರುವ ಆ ಕೆಲವೇ ನಿಮಿಷಗಳಲ್ಲಿ ಅದನ್ನು ಇಳಿಜಾರಿಗೆ ಒತ್ತಿ ಹಿಡಿಯಬೇಕು. ಬೇಗ ಒತ್ತಿದರೆ ಸೋರಿಹೋಗುತ್ತದೆ, ತಡವಾದರೆ ಒಡೆಯುತ್ತದೆ. ಅಂಗೈಗೆ ಬಿಸಿ ತಾಗಿತೆಂದರೆ ಗಟ್ಟಿಯಾಗುತ್ತಿದೆ ಎಂದರ್ಥ. ಅಚ್ಚು ಸುಲಿದ ಮೇಲೆ ತುಂಡುಗಳ ನಡುವಿನ ಸಂದುಗಳನ್ನು ಚಾಕುವಿನಿಂದ ಕೆತ್ತಿ ಮರೆಸಬೇಕು. ಪದರಗಳ ಓಟ ಅಕ್ಕಪಕ್ಕದ ತುಂಡುಗಳಲ್ಲಿ ಒಂದಕ್ಕೊಂದು ಕೂಡಿಕೊಳ್ಳಬೇಕು. ಬಾದಾಮಿಯ ಮರಳುಗಲ್ಲಿನ ಪದರ, ಹಂಪಿಯ ಗ್ರಾನೈಟಿನ ಉರುಟು ಮೈ ಎರಡನ್ನೂ ಒಂದೇ ಗುಡ್ಡದಲ್ಲಿ ಬೆರೆಸಿದರೆ, ಭೂವಿಜ್ಞಾನ ಓದದವರ ಕಣ್ಣಿಗೂ ಅದು ಸುಳ್ಳೆನಿಸುತ್ತದೆ.

ಬಣ್ಣದ್ದು ಇನ್ನೊಂದು ತಾಳ್ಮೆ. ಪ್ಲಾಸ್ಟರ್ ನೀರುಬಣ್ಣವನ್ನು ಗಟಗಟನೆ ಹೀರುತ್ತದೆ. ಹಾಗಾಗಿ ತೀರ ತೆಳುವಾದ ಹಳದಿ, ಕಂದು ಬಣ್ಣಗಳನ್ನು ಮೊದಲು ಚಿರತೆ ಚುಕ್ಕೆಯಂತೆ ಅಲ್ಲಲ್ಲಿ ಹಚ್ಚುತ್ತಾರೆ. ಮೇಲಿನಿಂದ ಹರಿಸಿದ ಕಪ್ಪು ನೀರು ಬಿರುಕುಗಳಿಗಿಳಿದು ನೆರಳಾಗುತ್ತದೆ. ಕೊನೆಗೆ, ಬಣ್ಣ ಒರೆಸಿ ಬಹುತೇಕ ಒಣಗಿಸಿದ ಕುಂಚದಿಂದ ಅಂಚುಗಳಿಗೆ ಬಿಳಿಯ ಸೋಂಕು. ಕೋಣೆಯ ದೀಪ ಬಿಸಿಲಿನಷ್ಟು ಪ್ರಖರವಲ್ಲವಾದ್ದರಿಂದ ನಿಜದ ಕಲ್ಲಿಗಿಂತ ತುಸು ತಿಳಿಬಣ್ಣವೇ ಇಲ್ಲಿ ಹೆಚ್ಚು ನಿಜ.

ಅಳತೆಗೂ ಒಂದು ಮಿತಿಯಿದೆ. ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರ ಸಮುದ್ರಮಟ್ಟದಿಂದ 4,478 ಮೀಟರ್. ಎಚ್‌ಒ ಲೆಕ್ಕದಲ್ಲಿ ಅದು ಐವತ್ತೊಂದು ಮೀಟರ್ ಆಗಬೇಕು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ‘ಮಿನಿಯಾಟೂರ್ ವುಂಡರ್‌ಲ್ಯಾಂಡ್’ನಲ್ಲಿ ಸ್ವಿಟ್ಜರ್‌ಲೆಂಡಿನ ಭಾಗಕ್ಕಾಗಿ ಮಹಡಿಯನ್ನೇ ಕೊರೆದರೂ ಬೆಟ್ಟಕ್ಕೆ ಸಿಕ್ಕ ಎತ್ತರ ಸುಮಾರು ಆರು ಮೀಟರ್. ಆದರೂ ಅದರ ಬುಡದಲ್ಲಿ ರೈಲು ಸುರಂಗ ಹೊಕ್ಕಾಗ ಪರ್ವತವೇ ಕಾಣುತ್ತದೆ.

ಈ ಕಲೆಯಲ್ಲಿ ಇಂದಿಗೂ ಮೊದಲು ನೆನಪಾಗುವ ಹೆಸರು ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿದ್ದ ಜಾನ್ ಅಲೆನ್. ವೃತ್ತಿಯಿಂದ ಛಾಯಾಗ್ರಾಹಕ. ಮನೆಯ ನೆಲಮಾಳಿಗೆಯಲ್ಲಿ ಅವರು ಕಟ್ಟಿದ ರೈಲುಮಾರ್ಗದ ಹೆಸರು ‘ಗೋರಿ ಅಂಡ್ ಡಿಫೀಟೆಡ್’ ಎಂದು ಕೇಳಿಸುತ್ತದೆ. ‘ರಕ್ತಸಿಕ್ತವಾಗಿ ಸೋತದ್ದು’ ಎಂಬ ಅರ್ಥದ ಚೇಷ್ಟೆ ಅದು. ಬೆಟ್ಟಗಳನ್ನು ಮೇಜಿನ ಮೇಲೆ ಕೂರಿಸುವ ರೂಢಿ ಬಿಟ್ಟು, ನೆಲದಿಂದ ಚಾವಣಿಯವರೆಗೆ ಬಂಡೆಗಳನ್ನು ಎಬ್ಬಿಸಿದರು. ಮೂಲೆಗಳಲ್ಲಿ ಕನ್ನಡಿ ಅಡಗಿಸಿ ಕಣಿವೆಗಳನ್ನು ಹಿಗ್ಗಿಸಿದರು. 1973ರ ಜನವರಿಯಲ್ಲಿ ಅಲೆನ್ ತೀರಿಕೊಂಡ ಹತ್ತೇ ದಿನಕ್ಕೆ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು.

ಆ ಬೆಟ್ಟಗಳನ್ನು ಇಂದು ಫೋಟೊಗಳಲ್ಲಿ ನೋಡಬೇಕು. ಅಲ್ಲಿ ಸುತ್ತಿಗೆಯಿಲ್ಲ, ನಾಣ್ಯವಿಲ್ಲ. ಕಮರಿಯ ಆಳ ಎಷ್ಟೆಂದು ಹೇಳಲು ಸೇತುವೆ ಮೇಲೆ ಹೊರಟ ಒಂದು ಉಗಿಬಂಡಿಯಷ್ಟೇ ಇದೆ.