ಕರಿಯ ಕಾರಿನ ಹೊಳಪು

ನಮ್ಮ ತಂದೆಯವರು ತಮ್ಮ ಕಪ್ಪು ಬಣ್ಣದ ಕಾರನ್ನು ನನಗೆ ಒಪ್ಪಿಸಿದಾಗ ಅದರ ಮೈ ಕನ್ನಡಿಯಂತಿತ್ತು. ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬ ಆಸೆಯಿಂದ ನಾನು ಪ್ರತಿದಿನ ಬೆಳಗ್ಗೆ ಕಾಲೇಜಿಗೆ ಹೊರಡುವ ಮುನ್ನ ಒಣಬಟ್ಟೆಯಿಂದ ಅದರ ಧೂಳನ್ನು ಒರಸುತ್ತಿದ್ದೆ. ಹೀಗೆ ಒಂದು ವರ್ಷ ಕಳೆಯಿತು. ಒಂದು ಸಂಜೆ ಬೀದಿದೀಪದ ಕೆಳಗೆ ನಿಂತಿದ್ದ ಕಾರನ್ನು ನೋಡಿ ವಿದ್ಯಾರ್ಥಿಯೊಬ್ಬನು, “ಸಾರ್, ಬಾನೆಟ್ಟಿನ ಮೇಲೆಲ್ಲ ಜೇಡರ ಬಲೆಯ ಹಾಗೆ ಗೀರು ಬಿದ್ದಿದೆಯಲ್ಲ, ಯಾರು ಗೀರಿದ್ದು?” ಎಂದು ಕೇಳಿದನು. ಉತ್ತರ ಹೇಳಲು ನನಗೆ ನಾಲಗೆ ಏಳಲಿಲ್ಲ. ಗೀರಿದವನು ನಾನೇ, ಅದೂ ಅಕ್ಕರೆಯಿಂದ, ದಿನವೂ ತಪ್ಪದೆ.

ಭೌತವಿಜ್ಞಾನದ ಪಾಠ ಹೇಳುವವನಿಗೆ ಇದು ನಾಚಿಕೆಯ ಸಂಗತಿಯೇ ಸರಿ. ಆದರೆ ಆ ಪ್ರಶ್ನೆಯ ಹಿಂದೆ ತಿಳಿಯತಕ್ಕ ವಿಷಯ ಬಹಳವಿದೆ. ಕಾರನ್ನು ತೊಳೆದು, ಉಜ್ಜಿ, ಮೇಣ ಹಚ್ಚುವ ಕೆಲಸದಲ್ಲಿ ಅಡಗಿರುವ ವಿಜ್ಞಾನವನ್ನು ಈಗ ವಿಚಾರಿಸೋಣ.

ಹೊಳಪು ಎಂದರೇನು?

ನಯವಾದ ಮೇಲ್ಮೈಯ ಮೇಲೆ ಬಿದ್ದ ಬೆಳಕು ಪತನಕೋನಕ್ಕೆ ಸಮನಾದ ಕೋನದಲ್ಲಿ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ಒರಟಾದ ಮೇಲ್ಮೈಯ ಮೇಲೆ ಬಿದ್ದುದು ಎಲ್ಲ ದಿಕ್ಕುಗಳಿಗೂ ಚದರಿಹೋಗುತ್ತದೆ. ಮೊದಲನೆಯದು ಹೊಳೆಯುತ್ತದೆ, ಎರಡನೆಯದು ಮಂಕಾಗಿ ಕಾಣುತ್ತದೆ. ಆದರೆ ನಯ, ಒರಟು ಎಂಬುದನ್ನು ಅಳೆಯುವ ಕೋಲು ಯಾವುದು? ನಮ್ಮ ಬೆರಳಿನ ಸ್ಪರ್ಶ ಇಲ್ಲಿ ಸಾಲದು. ಬೆಳಕಿನ ಅಲೆಯುದ್ದವೇ ಇಲ್ಲಿ ಪ್ರಮಾಣ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 0.4ರಿಂದ 0.7 ಮೈಕ್ರೊಮೀಟರ್, ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮೇಲ್ಮೈಯ ಏರುತಗ್ಗುಗಳು ಇದಕ್ಕಿಂತ ಬಹಳ ಚಿಕ್ಕವಾಗಿದ್ದರೆ ಬೆಳಕಿನ ಪಾಲಿಗೆ ಅದು ನಯವಾದ ಮೇಲ್ಮೈ.

ಗಾಜನ್ನು ಉಜ್ಜಿ ಹೊಳಪು ಕೊಡುವುದೆಂದರೆ ಅದರ ಮೇಲಿನ ಗೀರುಗಳನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಮಾಡುವುದೇ ಹೊರತು ಬೇರೆಯಲ್ಲವೆಂದು ನ್ಯೂಟನ್ 1704ರಲ್ಲಿ ಪ್ರಕಟಿಸಿದ ತನ್ನ ಬೆಳಕಿನ ಗ್ರಂಥದಲ್ಲಿ ವಿವರಿಸಿದ್ದಾನೆ. ಬೇಲೂರಿನ ಚೆನ್ನಕೇಶವ ದೇವಾಲಯದೊಳಗಿನ ಕರಿಯ ಕಂಬಗಳನ್ನು ನೋಡಿದವರು ಅವುಗಳ ಮಿರುಗನ್ನು ಮರೆಯಲಾರರು. ಶಿಲ್ಪಿಗಳು ಆ ಕಲ್ಲಿಗೆ ಹೊಳಪನ್ನು ತಂದು ಬಳಿಯಲಿಲ್ಲ. ಕಲ್ಲಿನ ಒರಟನ್ನು ಕಳೆದರು. ಕಾರಿಗೂ ಇದೇ ನಿಯಮ.

ಕಪ್ಪಿಗೇ ಏಕೆ ಈ ಶಿಕ್ಷೆ?

ಪಕ್ಕದ ಮನೆಯವರ ಬಿಳಿಯ ಕಾರಿಗೂ ದಿನವೂ ಒಣಬಟ್ಟೆಯ ಉಪಚಾರ ನಡೆಯುತ್ತಿತ್ತು. ಅದರ ಮೇಲೆ ಗೀರುಗಳೇ ಕಾಣುತ್ತಿರಲಿಲ್ಲ. ಗೀರುಗಳು ಅಲ್ಲಿಯೂ ಇದ್ದುವು. ಆದರೆ ಬಿಳಿಯ ಬಣ್ಣವು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ತಾನೇ ಎಲ್ಲ ಕಡೆಗೂ ಚದರಿಸುತ್ತದೆ. ಗೀರು ಚದರಿಸುವ ಅಲ್ಪ ಬೆಳಕು ಆ ಮಹಾಪ್ರವಾಹದಲ್ಲಿ ಮುಳುಗಿಹೋಗುತ್ತದೆ. ಹಗಲಿನಲ್ಲಿಯೂ ಆಕಾಶದಲ್ಲಿ ನಕ್ಷತ್ರಗಳಿದ್ದು ನಮಗೆ ಕಾಣದಿರುವಂತೆಯೇ ಇದು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಲೇಪವಿರುತ್ತದೆ. ಅದರ ವಕ್ರೀಭವನಾಂಕ ಸುಮಾರು 1.5. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ 4 ಪಾಲು ಮಾತ್ರ ಈ ಲೇಪದ ಮೇಲ್ಮೈಯಿಂದ ಪ್ರತಿಫಲಿಸುತ್ತದೆ. ಉಳಿದುದು ಒಳಹೊಕ್ಕು, ಕಪ್ಪು ಬಣ್ಣದಲ್ಲಿ ಬಹುಮಟ್ಟಿಗೆ ಹೀರಲ್ಪಡುತ್ತದೆ. ಹೀಗಾಗಿ ಕಪ್ಪು ಕಾರು ಇರುಳಿನ ಆಕಾಶದಂತೆ. ಅದರ ಮೇಲೆ ಪ್ರತಿಯೊಂದು ಗೀರೂ ನಕ್ಷತ್ರದಂತೆ ಎದ್ದು ಕಾಣುತ್ತದೆ.

ಇಲ್ಲದ ವೃತ್ತಗಳು

ವಿದ್ಯಾರ್ಥಿಯು ಕಂಡ ಜೇಡರ ಬಲೆ ಒಂದು ವಿಚಿತ್ರ. ದೀಪದ ಪ್ರತಿಬಿಂಬವನ್ನು ನಡುವೆ ಇಟ್ಟುಕೊಂಡು ಗೀರುಗಳು ವೃತ್ತಾಕಾರವಾಗಿ ಸುತ್ತಿರುವಂತೆ ತೋರುತ್ತದೆ. ಹಲವು ವರ್ಷ ತಿಕ್ಕಿ ತೊಳೆದ ಸ್ಟೀಲ್ ತಟ್ಟೆಯೊಂದನ್ನು ಬಲ್ಬಿನ ಕೆಳಗೆ ಹಿಡಿದರೆ ನೀವೂ ಇದನ್ನು ನೋಡಬಹುದು. ಈಗ ತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿರಿ. ಬಲ್ಬಿನ ಪ್ರತಿಬಿಂಬದೊಡನೆ ವೃತ್ತಗಳೂ ಸರಿಯುತ್ತವೆ! ತಟ್ಟೆಯಲ್ಲಿ ನಿಜವಾಗಿ ಕೊರೆದ ವೃತ್ತಗಳಾಗಿದ್ದರೆ ಅವು ಕದಲುವುದು ಸಾಧ್ಯವೇ?

ಗೀರುಗಳು ಎಲ್ಲ ದಿಕ್ಕುಗಳಲ್ಲಿಯೂ ಇವೆ. ಪ್ರತಿಯೊಂದು ಗೀರೂ ತನ್ನ ಉದ್ದಕ್ಕೆ ಅಡ್ಡವಾಗಿಯೇ ಬೆಳಕನ್ನು ಹರಡುತ್ತದೆ. ಆದುದರಿಂದ ಪ್ರತಿಬಿಂಬದಿಂದ ಹೊರಟ ರೇಖೆಗೆ ಅಡ್ಡಲಾಗಿ ಬಿದ್ದಿರುವ ಗೀರುಗಳು ಮಾತ್ರ ನಮ್ಮ ಕಣ್ಣಿಗೆ ಬೆಳಕನ್ನು ಕಳುಹಿಸುತ್ತವೆ, ಮಿಕ್ಕವು ಕಾಣವು. ಅಡ್ಡಬಿದ್ದ ಈ ತುಣುಕುಗಳೆಲ್ಲ ಸೇರಿ ವೃತ್ತಗಳೆಂಬ ಭ್ರಮೆಯನ್ನು ಹುಟ್ಟಿಸುತ್ತವೆ.

ತೊಳೆಯುವ ಕ್ರಮ

ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಮರಳು ಬಹುಮಟ್ಟಿಗೆ ಕ್ವಾರ್ಟ್ಸ್ ಖನಿಜ. ಜರ್ಮನಿಯ ಮೋಸ್ 1812ರಲ್ಲಿ ರಚಿಸಿದ ಕಾಠಿನ್ಯದ ಪಟ್ಟಿಯಲ್ಲಿ ಕ್ವಾರ್ಟ್ಸಿಗೆ 7ನೆಯ ಸ್ಥಾನ, ವಜ್ರಕ್ಕೆ 10ನೆಯದು. ಕ್ವಾರ್ಟ್ಸ್ ಗಾಜನ್ನೇ ಗೀರಬಲ್ಲುದು. ಕಾರಿನ ಲೇಪವೋ ಗಾಜಿಗಿಂತ ಬಹಳ ಮೃದು. ಒಣಬಟ್ಟೆಯಿಂದ ಧೂಳನ್ನು ಒರಸುವುದೆಂದರೆ ಉಪ್ಪುಕಾಗದದಿಂದ ತಿಕ್ಕಿದಂತೆಯೇ ಸರಿ. ನನ್ನ ಒಂದು ವರ್ಷದ ಸೇವೆಯ ಫಲ ಇದೇ ಆಗಿತ್ತು.

ಆದುದರಿಂದ ಮುಟ್ಟುವ ಮೊದಲು ಧಾರಾಳವಾಗಿ ನೀರು ಸುರಿದು ಸಡಿಲವಾದ ಧೂಳನ್ನೆಲ್ಲ ಹರಿಸಿಬಿಡಬೇಕು. ಅನಂತರ ಕಾರಿಗೆಂದೇ ಮಾಡಿದ ಸೌಮ್ಯವಾದ ಸಾಬೂನಿನ ನೀರು. ಸಾಬೂನಿನ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ತುದಿ ಜಿಡ್ಡಿಗೂ ಅಂಟಿ ಕೊಳೆಯನ್ನು ಎತ್ತುತ್ತದೆ. ಜೊತೆಗೆ ಜಾರಿಕೆಯನ್ನು ಹೆಚ್ಚಿಸಿ ಕಣಗಳು ಮೈಗೆ ಒತ್ತದಂತೆ ಕಾಪಾಡುತ್ತದೆ. ಎರಡು ಬಕೆಟ್ಟುಗಳಿರಲಿ: ಒಂದರಲ್ಲಿ ಸಾಬೂನಿನ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸಲು ಬರಿಯ ನೀರು. ಮರಳು ಎರಡನೆಯದರ ತಳದಲ್ಲಿ ತಂಗುತ್ತದೆ, ಮತ್ತೆ ಕಾರಿನ ಮೈಗೆ ಮರಳದು. ಕೆಳಭಾಗದಲ್ಲಿ ಕೆಸರು ಹೆಚ್ಚಾದ್ದರಿಂದ ಮೇಲಿನಿಂದ ಕೆಳಕ್ಕೆ ತೊಳೆಯತಕ್ಕದ್ದು. ಕೈಯನ್ನು ಸುತ್ತಿಸದೆ ನೇರವಾಗಿ ಆಡಿಸಬೇಕು. ಒಂದು ವೇಳೆ ಗೀರು ಬಿದ್ದರೂ ಅವೆಲ್ಲ ಒಂದೇ ದಿಕ್ಕಿನಲ್ಲಿದ್ದು, ಕೆಲವೇ ಕೋನಗಳಿಂದ ಮಾತ್ರ ಕಾಣುತ್ತವೆ.

ಬಿಸಿಲಿನಲ್ಲಿ ಈ ಕೆಲಸ ಕೂಡದು. ಕಪ್ಪು ಮೈ ಬೇಗ ಕಾಯುತ್ತದೆ, ನೀರು ಒರಸುವ ಮೊದಲೇ ಆರುತ್ತದೆ. ನಮ್ಮ ಅನೇಕ ಕೊಳವೆಬಾವಿಗಳ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಹನಿ ಆರಿದಾಗ ಅವು ಬಿಳಿಯ ಉಂಗುರವಾಗಿ ಉಳಿಯುತ್ತವೆ. ಕಲೆಯು ಉಂಗುರದಂತೆಯೇ ಏಕೆ? ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿದ್ದು ಅಲ್ಲಿ ನೀರು ಬೇಗ ಆವಿಯಾಗುವುದರಿಂದ, ಆ ನಷ್ಟವನ್ನು ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತ ತನ್ನ ಹೊರೆಯನ್ನು ಅಲ್ಲಿ ಇಳಿಸುತ್ತದೆ. ಚೆಲ್ಲಿದ ಕಾಫಿಯ ಹನಿಯಲ್ಲಿಯೂ ಇದೇ ಕ್ರಿಯೆ ನಡೆಯುವುದನ್ನು ವಿಜ್ಞಾನಿಗಳು 1997ರಲ್ಲಿ ವಿವರಿಸಿದರು. ಆದುದರಿಂದ ನೆರಳಿನಲ್ಲಿ ತೊಳೆದು, ಹನಿಗಳು ಆರುವ ಮುನ್ನವೇ ಮೃದುವಾದ ಬಟ್ಟೆಯಿಂದ ನೀರನ್ನು ಹೀರಿಸಬೇಕು.

ಪಾಲಿಶ್: ಕಳೆದುಕೊಂಡು ಪಡೆಯುವುದು

ಬಿದ್ದ ಗೀರನ್ನು ಅಳಿಸುವುದು ಹೇಗೆ? ಹಳ್ಳವನ್ನು ತುಂಬಲಾಗದಿದ್ದರೆ ಸುತ್ತಲಿನ ನೆಲವನ್ನೇ ತಗ್ಗಿಸಬೇಕು. ಪಾಲಿಶ್ ಮಾಡುವುದೂ ಇಷ್ಟೇ. ಅದರಲ್ಲಿ ಅಲ್ಯೂಮಿನಾದಂತಹ ಗಟ್ಟಿಯಾದ ವಸ್ತುವಿನ ಅತಿಸೂಕ್ಷ್ಮ ಪುಡಿಯಿರುತ್ತದೆ. ಅದು ಲೇಪವನ್ನು ಸ್ವಲ್ಪಸ್ವಲ್ಪವಾಗಿ ಸವೆಸಿ, ದೊಡ್ಡ ಗೀರಿನ ಬದಲು ಬೆಳಕಿಗೆ ಲೆಕ್ಕವಿಲ್ಲದಷ್ಟು ಚಿಕ್ಕ ಗೀರುಗಳನ್ನು ಉಳಿಸುತ್ತದೆ.

ಇಲ್ಲಿಯೇ ಎಚ್ಚರ ಬೇಕು. ಪಾರದರ್ಶಕ ಲೇಪದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರೊಮೀಟರ್, ತಲೆಗೂದಲಿಗಿಂತಲೂ ತೆಳುವು. ಕೈಯಿಂದ ಉಜ್ಜಿದಾಗ ಹೋಗುವುದು ಅತ್ಯಲ್ಪವೇ. ಆದರೆ ಹೋದುದು ಮರಳಿ ಬಾರದು. ಮೈ ತಿರುಗುವ ಅಂಚುಗಳಲ್ಲಿ ಒತ್ತಡ ಹೆಚ್ಚಾಗಿ ಲೇಪ ಬೇಗ ಸವೆಯುತ್ತದೆ. ಉಗುರಿಗೆ ಸಿಕ್ಕುವಷ್ಟು ಆಳವಾದ ಗೀರನ್ನು ಅಳಿಸಹೊರಟರೆ ಲೇಪವೇ ಹೋದೀತು. ಪಾಲಿಶ್ ಎಂಬುದು ಮೂಲಧನದಿಂದ ಮಾಡುವ ಖರ್ಚು, ಅಪರೂಪವಾಗಿರಬೇಕು.

ಮೇಣದ ಉಪಕಾರ

ಈಶಾನ್ಯ ಬ್ರೆಜಿಲಿನ ಒಂದು ಜಾತಿಯ ತಾಳೆಮರ ಅಲ್ಲಿನ ಒಣಹವೆಯಲ್ಲಿ ತನ್ನ ಎಲೆಗಳ ನೀರನ್ನು ಉಳಿಸಿಕೊಳ್ಳಲು ಮೇಣವನ್ನು ಸ್ರವಿಸುತ್ತದೆ. ಕಾರ್ನೌಬಾ ಎಂಬ ಈ ಮೇಣ ಕರಗಲು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕಾದ್ದರಿಂದ ಬಿಸಿಲಿಗೆ ಸುಲಭವಾಗಿ ಕರಗದು. ಇದನ್ನು ದ್ರಾವಕದೊಡನೆ ಬೆರೆಸಿ ತೆಳ್ಳಗೆ ಹಚ್ಚುತ್ತಾರೆ. ದ್ರಾವಕ ಆರಿ ಮಂಜು ಕವಿದಂತಾದಾಗ ಹೆಚ್ಚಿನದನ್ನು ಒರಸಿ ತೆಗೆಯುತ್ತಾರೆ.

ಮೇಣದ ವಕ್ರೀಭವನಾಂಕ ಲೇಪದ ವಕ್ರೀಭವನಾಂಕಕ್ಕೆ ಹತ್ತಿರದ್ದು. ಆದುದರಿಂದ ಮೇಣ ತುಂಬಿದ ಸಣ್ಣ ಗೀರನ್ನು ಬೆಳಕು ಗುರುತಿಸುವುದಿಲ್ಲ, ಚದರದೆ ಒಳಹೋಗುತ್ತದೆ. ಒಣಗಿ ಬೂದಿಬಣ್ಣಕ್ಕೆ ತಿರುಗಿದ ಕಪ್ಪು ಕಲ್ಲಿಗೆ ಎಣ್ಣೆ ಸವರಿದರೆ ಅದು ಕಡುಗಪ್ಪಾಗುವುದೂ ಇದೇ ಕಾರಣದಿಂದ. ಮೇಣಕ್ಕೆ ನೀರು ಅಂಟದ ಕಾರಣ ಮಳೆಹನಿಗಳು ಮುತ್ತಾಗಿ ಉರುಳಿಹೋಗುತ್ತವೆ. ಆದರೆ ಮೇಣವು ಗೀರನ್ನು ಮರೆಸುವುದೇ ಹೊರತು ಅಳಿಸುವುದಿಲ್ಲ. ಕೆಲವು ವಾರಗಳಲ್ಲಿ ಅದು ಸವೆದಾಗ ಹಳೆಯ ಗೀರು ಮತ್ತೆ ಮುಖ ತೋರಿಸುತ್ತದೆ.

ಇಷ್ಟನ್ನು ಅರಿತ ಮೇಲೆ ನಾನು ಕಾರನ್ನು ಒಮ್ಮೆ ಮಾತ್ರ ಪಾಲಿಶ್ ಮಾಡಿದೆ, ಮೇಣ ಹಚ್ಚಿದೆ, ಒಣಬಟ್ಟೆಯನ್ನು ಮನೆಯೊಳಗಿಟ್ಟೆ. ಬಾನೆಟ್ಟಿನ ಅಂಚಿನಲ್ಲಿ ಉಗುರಿಗೆ ಸಿಕ್ಕುವ ಎರಡು ಗೀರುಗಳು ಈಗಲೂ ಇವೆ, ಇರಲಿ. ನಾಲ್ಕು ದಿನದ ಧೂಳು ಕುಳಿತಿದ್ದರೆ ಈಗ ನನಗೆ ಬೇಸರವಿಲ್ಲ. ಸುಮ್ಮನೆ ಕುಳಿತ ಧೂಳು ಗೀರುವುದಿಲ್ಲ. ಅದನ್ನು ಎಳೆದಾಡುವ ನಮ್ಮ ಕೈಯೇ ಗೀರುವುದು.